ತುಟಿ ತಾಗದ ಲೋಟ

ಅತ್ತೆ ಕಾಫಿ ಕುಡಿಯುವಾಗ ನಾನು ಅವಳ ಕತ್ತನ್ನೇ ನೋಡುತ್ತಿದ್ದೆ. ತಲೆಯನ್ನು ಹಿಂದಕ್ಕೆ ಚೆಲ್ಲಿ, ಲೋಟವನ್ನು ಹಣೆಗಿಂತ ಮೇಲಕ್ಕೆ ಎತ್ತಿ ಬಗ್ಗಿಸುವಳು. ಕಾಫಿ ಕಂದು ದಾರದ ಹಾಗೆ ಇಳಿದು ನೇರ ಬಾಯಿಗೆ ಬೀಳುವುದು. ಗುಟುಕು ಗುಟುಕಿಗೂ ಕತ್ತಿನ ಮೇಲಿದ್ದ ಹಸಿರು ಹಚ್ಚೆಯ ಚುಕ್ಕಿಗಳು ಏರಿ ಇಳಿಯುವುವು. ಲೋಟ ತುಟಿಗೆ ತಾಗುತ್ತಿರಲಿಲ್ಲ. ಅವಳ ರವಿಕೆಯ ಮೇಲೆ ಒಂದು ಹನಿ ಚೆಲ್ಲಿದ್ದನ್ನು ನಾನು ಕಂಡವಳಲ್ಲ. ಕುಡಿದು ಮುಗಿಸಿ ಲೋಟವನ್ನು ಕೊಡವಿ, "ಆಯ್ತು, ಇನ್ನ ಲೋಕ ನಡೀಲಿ" ಎಂದು ಒಲೆಯ ಕಡೆಗೆ ತಿರುಗುವಳು.

ಅವಳು ನನ್ನ ಅಪ್ಪನ ಅಕ್ಕ. ಮದುವೆಯಾಗಿ ಕೊಂಬೈಗೆ ಹೋಗಿ, ಗಂಡ ತೀರಿಕೊಂಡ ಮೇಲೆ ತಮಿಳು ಸೀಮೆಯ ನಮ್ಮ ಊರು ಗೂಡಲೂರಿಗೆ ತಿರುಗಿ ಬಂದವಳು. ಮಕ್ಕಳಿರಲಿಲ್ಲ. ಕುಮಿಳಿ ಘಾಟಿಗೆ ಹೋಗುವ ರಸ್ತೆಯಲ್ಲಿ, ಜೀಪುಗಳು ನಿಲ್ಲುವ ಜಾಗದ ಪಕ್ಕದಲ್ಲಿ ಕಾಫಿ ಅಂಗಡಿ ಹಾಕಿದಳು. ಅಂಗಡಿ ಎಂದರೆ ಕಂಬಗಳ ಮೇಲೊಂದು ತಗಡು, ಒಂದು ಒಲೆ, ಒಂದು ಬೆಂಚು. ಬೆಟ್ಟದ ಮೇಲಿನ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುವ ಹೆಂಗಸರು ಬೆಳಕು ಹರಿಯುವ ಮೊದಲೇ ಅಲ್ಲಿ ಸೇರುತ್ತಿದ್ದರು. ತಲೆಗೆ ಟವೆಲ್ ಸುತ್ತಿಕೊಂಡು, ಕೈಯಲ್ಲಿ ತೂಕುಪಾತ್ರೆಯೆಂಬ ಹಿಡಿಯ ಡಬ್ಬಿಯಲ್ಲಿ ಊಟ ಹಿಡಿದುಕೊಂಡು, ಜೀಪು ತುಂಬುವವರೆಗೆ ನಿಂತಲ್ಲೇ ಒಂದು ಲೋಟ ಕಾಫಿ ಕುಡಿಯುವರು. ಅವರಲ್ಲಿ ನನ್ನ ಅಮ್ಮನೂ ಒಬ್ಬಳು. ಜೀಪು ಹತ್ತುವ ಮೊದಲು ಅಮ್ಮ ನನ್ನನ್ನು ಅತ್ತೆಯ ಬೆಂಚಿನ ಮೇಲೆ ಕೂರಿಸಿ ಹೋಗುವಳು. ಶಾಲೆಯ ಗಂಟೆ ಹೊಡೆಯುವವರೆಗೆ ನಾನು ಅಲ್ಲೇ. ಮಗ್ಗಿಯನ್ನು ನಾನು ಕಲಿತದ್ದು ಆ ಬೆಂಚಿನ ಮೇಲೆ, ಹಾಲು ಉಕ್ಕುವ ಸದ್ದಿನ ನಡುವೆ.

ಅಂಗಡಿಯಲ್ಲಿ ಒಂದೇ ಕಟ್ಟಳೆ. ಲೋಟಕ್ಕೆ ಬಾಯಿ ಇಡಬಾರದು. ನಮ್ಮ ಕಡೆ ಮನೆಗಳಲ್ಲೂ ಎತ್ತಿಯೇ ಕುಡಿಯುತ್ತಾರೆ, ಅದೇನೂ ಹೊಸದಲ್ಲ. ಆದರೆ ಅತ್ತೆ ಅದನ್ನು ಪಾಲಿಸುತ್ತಿದ್ದ ಬಗೆಯೇ ಬೇರೆ. ಆಗೆಲ್ಲ ಕೆಲವು ಅಂಗಡಿಗಳಲ್ಲಿ ಬಂದವರ ಜಾತಿ ನೋಡಿ ಬೇರೆ ಲೋಟ ಇಟ್ಟಿರುತ್ತಿದ್ದರು. ಅತ್ತೆಯ ಅಂಗಡಿಯಲ್ಲಿ ಬೇರೆ ಎನ್ನುವ ಲೋಟವೇ ಇರಲಿಲ್ಲ. ಒಮ್ಮೆ ಲಾರಿಯವನೊಬ್ಬ ಬಾಯಿ ಇಟ್ಟು ಹೀರಿದ. ಅತ್ತೆ ಅವನ ಎದುರಿಗೇ ಆ ಲೋಟವನ್ನು ಬೂದಿ ಹಾಕಿ ಉಜ್ಜಿ, ತಿರುಗಿ ಕಾಫಿ ತುಂಬಿ ಕೊಟ್ಟಳು. "ಎತ್ತಿ ಕುಡಿ ಸಾಮಿ. ಎಲ್ಲಾರೂ ಎತ್ತಿ ಕುಡಿದ್ರೆ ಎಲ್ಲಾರ್ಗೂ ಒಂದೇ ಲೋಟ" ಎಂದಳು. ಅದು ಮಡಿಯೋ ನ್ಯಾಯವೋ ನನಗೆ ಇವತ್ತಿಗೂ ಬಿಡಿಸಿ ಹೇಳಲು ಬರುವುದಿಲ್ಲ. ಅವಳು ಕಾರಣಗಳನ್ನು ಹೇಳುವ ಹೆಂಗಸಲ್ಲ.

ಕಾಫಿಯ ವಿಷಯದಲ್ಲಿ ಅವಳದು ಇನ್ನೊಂದು ಹಟ. ಲೋಟ ಕೈ ಸುಡಬೇಕು. ಮಾತಿನಲ್ಲಿ ಮೈಮರೆತು ಯಾರಾದರೂ ಕಾಫಿ ಆರಲು ಬಿಟ್ಟರೆ ಕಿತ್ತುಕೊಂಡು ಚೆಲ್ಲಿಬಿಡುವಳು. "ಆರಿದ್ ಕಾಪೀನ ನಾಯಿಗೂ ಹಾಕಲ್ಲ ನಾ" ಎನ್ನುವಳು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ನಾನು ಅವಳಿಗೆ ಕೊಟ್ಟದ್ದೆಲ್ಲ ಆರಿದ ಕಾಫಿಯೇ. ಆರಿದ್ದೂ ಅಲ್ಲ, ಮಂಜುಗಡ್ಡೆ ಹಾಕಿ ಅರೆದದ್ದು.

ಅದಕ್ಕೆ ಮೊದಲು ನನ್ನ ಓದಿನ ಮಾತು ಹೇಳಬೇಕು. ಹನ್ನೆರಡನೆಯ ತರಗತಿ ಮುಗಿದಾಗ ಅಪ್ಪ ಸಾಕು ಎಂದ. ದಿಂಡಿಗಲ್ಲಿನ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿತ್ತು, ಹಾಸ್ಟೆಲಿನಲ್ಲಿ ಇರಬೇಕಿತ್ತು. ಹೆಣ್ಣು ಮಗಳನ್ನು ಹಾಗೆ ಬಿಟ್ಟವರು ನಮ್ಮಲ್ಲಿ ಯಾರೂ ಇರಲಿಲ್ಲ. ಕೊಂಬೈಯಲ್ಲಿ ಗಂಡು ನೋಡುವ ಮಾತೂ ನಡೆದಿತ್ತು. ಅಮ್ಮ ಅತ್ತಳು, ನಾನು ಊಟ ಬಿಟ್ಟೆ, ಅಪ್ಪ ಅಲುಗಲಿಲ್ಲ. ಅತ್ತೆ ಜಗಳಕ್ಕೆ ಬರಲಿಲ್ಲ. ಮರುದಿನ ಬೆಳಗ್ಗೆ ಅಪ್ಪ ಎಂದಿನಂತೆ ದ್ರಾಕ್ಷಿ ತೋಟಕ್ಕೆ ಹೋಗುವ ದಾರಿಯಲ್ಲಿ ಅಂಗಡಿಗೆ ಬಂದು ಕೂತ. ಅತ್ತೆ ಅವನ ಮುಂದೆ ಲೋಟವನ್ನು ಬೋರಲಾಗಿ ಇಟ್ಟಳು.

"ಅಕ್ಕಾ, ಕಾಪಿ" ಎಂದ ಅಪ್ಪ.

"ಪುಳ್ಳೆಗೆ ಕಾಲೇಜ್ ಇದ್ರೆ ನಿಂಗೆ ಕಾಪಿ ಐತೆ, ತಂಬಿ."

ಪುಳ್ಳೆ ಎಂದರೆ ಮಗು, ಅಂದರೆ ನಾನು. ಜೀಪಿಗೆ ಕಾಯುತ್ತಿದ್ದ ಹೆಂಗಸರೆಲ್ಲ ನಕ್ಕರು. ಅಮ್ಮ ಟವೆಲಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಎದ್ದು ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದ. ಮರುದಿನವೂ ಬಂದ, ಲೋಟ ಬೋರಲಾಗಿಯೇ ಇತ್ತು. ಹೀಗೇ ನಡೆಯಿತು. ಜೀಪಿನ ಹೆಂಗಸರಿಗೆ ಅದೊಂದು ಆಟವಾಯಿತು. "ಇವತ್ತ್ ಲೋಟ ನಿಂತೈತಾ, ಮಲಗೈತಾ?" ಎಂದು ಕೇಳಿಕೊಂಡೇ ಬರುವರು. ಎದುರಿನ ಅಂಗಡಿಯ ಕಾಫಿ ತೊಳೆದ ನೀರಿನ ಹಾಗಿದೆಯೆಂದು ಅಪ್ಪ ಮನೆಯಲ್ಲಿ ಗೊಣಗಿದ್ದನ್ನು ನಾನು ಕೇಳಿದ್ದೇನೆ. ಕೊನೆಗೊಂದು ಬೆಳಗ್ಗೆ ಅವನು ಬಂದು ಬೆಂಚಿನ ಮೇಲೆ ಕೂತು, ಲೋಟವನ್ನು ತಾನೇ ತಿರುಗಿಸಿ ನೆಟ್ಟಗೆ ಇಟ್ಟ. ಅತ್ತೆಯ ಮುಖ ನೋಡದೆ, "ಹೋಗ್ಲಿ ಬಿಡು. ಹುಯ್ಯಿ" ಎಂದ.

ಅತ್ತೆ ಹುಯ್ದಳು. ಅವತ್ತು ಸಕ್ಕರೆ ಎರಡು ಪಾಲು.

ನಮ್ಮ ವಂಶದಲ್ಲಿ ಹೆಸರಿನ ಪಕ್ಕ ಪದವಿ ಬರೆದುಕೊಂಡವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಈಗ ಚಿನ್ನಮನೂರಿನಲ್ಲಿ ಗಣಿತದ ಟೀಚರು. ಮನೆಯ ಮಾತು ಕನ್ನಡವಾದರೂ ಓದಿದ್ದೆಲ್ಲ ತಮಿಳಿನಲ್ಲಿ. ಈ ಅಕ್ಷರಗಳನ್ನು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ, ಚಿಕ್ಕ ಮಕ್ಕಳ ಪುಸ್ತಕ ಇಟ್ಟುಕೊಂಡು. ಮೊದಲ ಸಲ 'ಅತ್ತೆ' ಎಂದು ಬರೆದು ತೋರಿಸಿದಾಗ ಅವಳು ಬೆರಳಾಡಿಸಿ ನೋಡಿದಳು. "ನಮ್ ಮಾತ್ಗೂ ಎಳುತ್ತು ಇತ್ತಾ ಪುಳ್ಳೆ? ಇಷ್ಟ್ ದಿನ ಎಲ್ಲಿ ಕುಂತಿತ್ತು?" ಎಂದಳು. ಬರವಣಿಗೆಯನ್ನು ನಾವು ಎಳುತ್ತು ಎನ್ನುತ್ತೇವೆ. ಈಗ ಅವಳ ಬಗ್ಗೆ ಬರೆಯುತ್ತಿರುವುದು ಅದೇ ಎಳುತ್ತಿನಲ್ಲಿ.

ಹೋದ ವರ್ಷ ಅವಳ ದನಿ ಒಡೆಯಿತು. ಒಲೆಯ ಹೊಗೆ ಎಂದಳು. ಆಮೇಲೆ ಅನ್ನ ಸಿಕ್ಕಿಕೊಳ್ಳತೊಡಗಿತು. ತೇನಿಯ ಆಸ್ಪತ್ರೆಯಲ್ಲಿ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿ, ಗಡ್ಡೆ ಎಂದರು, ಕರೆಂಟ್ ಕೊಡಬೇಕು, ಅಂದರೆ ರೇಡಿಯೇಶನ್, ಎಂದರು. ಕತ್ತಿನ ಮೇಲೆ ಗುರುತಿಗೆಂದು ನೀಲಿ ಗೆರೆಗಳನ್ನು ಎಳೆದರು. ಹಸಿರು ಚುಕ್ಕಿಗಳು ಆ ಗೆರೆಗಳ ನಡುವೆ ಸಿಕ್ಕಿಕೊಂಡವು. ಅಪ್ಪ ತೀರಿಹೋಗಿ ಕೆಲವು ವರ್ಷವಾಗಿತ್ತು. ಗೂಡಲೂರಿನಲ್ಲಿ ಅಮ್ಮನಿಗೆ ಮಂಡಿ ನೋವಿನಿಂದ ಏಳಲೇ ಆಗುತ್ತಿರಲಿಲ್ಲ. ನನ್ನ ಗಂಡ ಕೆಲಸದ ಮೇಲೆ ತಿರುಪ್ಪೂರಿನಲ್ಲಿ. ಅತ್ತೆಯನ್ನು ನಾನೇ ಚಿನ್ನಮನೂರಿಗೆ ಕರೆದುಕೊಂಡು ಬಂದೆ. ಬಾಗಿಲ ಪಕ್ಕದ ಮಂಚ ಅವಳಿಗೆ. ನಾನು, ಪ್ಲಸ್ ಟು ಓದುವ ಮಗಳು, ಅತ್ತೆ, ಇಷ್ಟೇ ಮನೆ.

ಕರೆಂಟ್ ಕೊಟ್ಟು ಕೊಟ್ಟು ಗಂಟಲು ಬೆಂದುಹೋಗಿತ್ತು. ಬಿಸಿ ಏನೂ ಆಗದು. ನೀರು ದಾರಿ ತಪ್ಪಿ ಶ್ವಾಸದ ಕಡೆ ಹೋಗಿ ಕೆಮ್ಮು ಕಟ್ಟುತ್ತಿತ್ತು. ಡಾಕ್ಟರು ಹೇಳಿದ್ದು ಇಷ್ಟು: ಏನು ಕೊಟ್ಟರೂ ತಣ್ಣಗಿರಲಿ, ಮಂದವಾಗಿರಲಿ, ಗದ್ದವನ್ನು ಎದೆಯ ಕಡೆ ತಗ್ಗಿಸಿ ಸ್ವಲ್ಪ ಸ್ವಲ್ಪ ಕುಡಿಯಲಿ. ಮೈಯಲ್ಲಿ ತೂಕ ಇನ್ನೂ ಇಳಿದರೆ ಮೂಗಿನಿಂದ ಹೊಟ್ಟೆಗೆ ಟ್ಯೂಬು ಹಾಕಲೇಬೇಕು. ಅತ್ತೆ ಇದನ್ನೆಲ್ಲ ಕೇಳಿಸಿಕೊಂಡಳು. ಬಸ್ಸು ವೀರಪಾಂಡಿ ದಾಟಿದ ಮೇಲೆ ನನ್ನ ಕೈ ಹಿಡಿದಳು.

"ಮೂಗ್ಗೆ ಕೊಳಾಯಿ ಇಕ್ಬೇಡ ಪುಳ್ಳೆ. ಬಾಯಿ ಇರೋ ತನ್ಕ ಬಾಯ್ಲೇ."

ಆಯಿತು ಎಂದೆ. ಅನ್ನುವುದು ಸುಲಭ. ರಾಗಿ ಗಂಜಿಯನ್ನು ಆರಿಸಿ ಕೊಟ್ಟೆ, ಮುಖ ತಿರುಗಿಸಿದಳು. ಕಾಳು ಹುರಿದು ಬೀಸಿದ ಸತ್ತುಮಾವಿನ ಗಂಜಿ, ಹಾಲಿಗೆ ಬಾಳೆಹಣ್ಣು ಅರೆದದ್ದು, ಡಬ್ಬಿಯ ಪುಡಿಗಳು, ಯಾವುದೂ ಬೇಡ. ಕಂಬಂ ದ್ರಾಕ್ಷಿಯ ರಸ ಉರಿಯಿತು. ಅವಳು ಕೇಳುತ್ತಿದ್ದದ್ದು ಕಾಪಿ, ಕಾಪಿ, ಕಾಪಿ. ಕೊಡಲಾಗದ್ದು ಅದೊಂದೇ.

ಮಗಳು ಫೋನಿನಲ್ಲಿ ತೋರಿಸಿದಳು. ಚಾಕೊಲೇಟ್ ಬಿಸ್ಕತ್ತು, ಕಾಫಿ, ಐಸು ಎಲ್ಲವನ್ನೂ ಮಿಕ್ಸಿಯಲ್ಲಿ ಅರೆದು ಮಾಡುವ ಪಾನೀಯ. ತೇನಿಯ ಬೇಕರಿಗಳಲ್ಲಿ ಅವಳ ಗೆಳತಿಯರು ಕುಡಿಯುವುದು ಅದನ್ನೇ. ತಣ್ಣಗಿದೆ, ಮಂದ ಇದೆ, ಮೈಗೆ ಹಿಡಿಯುವ ಸಕ್ಕರೆ ಕೊಬ್ಬೆಲ್ಲ ಇದೆ, ಮುಖ್ಯವಾಗಿ ಕಾಫಿ ಇದೆ, ಅಜ್ಜಿಗೆ ಇದನ್ನೇ ಮಾಡೋಣ ಎಂದಳು. ಡಾಕ್ಟರನ್ನು ಕೇಳಿದೆ. ಹೊಟ್ಟೆಗೆ ಹೋದರೆ ಸಾಕು, ಕೊಡಿ ಎಂದರು.

ಮಾಡುವ ಬಗೆಯನ್ನು ಬರೆದೇ ಬಿಡುತ್ತೇನೆ, ಯಾರ ಮನೆಯಲ್ಲಾದರೂ ಬೇಕಾಗಬಹುದು. ನೀರಿನ ಐಸು ಹಾಕಿದರೆ ಕರಗಿ ತೆಳುವಾಗುತ್ತದೆ, ಕಾಫಿಯ ರುಚಿಯೂ ಸಾಯುತ್ತದೆ. ಅದಕ್ಕೆ ಹಿಂದಿನ ದಿನವೇ ಫಿಲ್ಟರಿನಲ್ಲಿ ಗಟ್ಟಿ ಡಿಕಾಕ್ಷನ್ ಇಳಿಸಿ, ಆರಿಸಿ, ಐಸ್ ಟ್ರೇಯಲ್ಲಿ ಹುಯ್ದು ಕಾಫಿಯನ್ನೇ ಗಡ್ಡೆ ಕಟ್ಟಿಸಬೇಕು. ನಡುವೆ ಬಿಳಿ ಕ್ರೀಮ್ ಇರುವ ಕಪ್ಪು ಚಾಕೊಲೇಟ್ ಬಿಸ್ಕತ್ತುಗಳನ್ನು ಹಾಲಿನಲ್ಲಿ ನೆನೆಯಿಡಬೇಕು. ಒಣಗಿದ್ದನ್ನೇ ಅರೆದರೆ ಮರಳಿನ ಹಾಗೆ ಕಾಳುಕಾಳಾಗಿ ಬೆಂದ ಗಂಟಲನ್ನು ಗೀರುತ್ತದೆ. ಬಿಸ್ಕತ್ತು ಬೆಣ್ಣೆಯಂತಾದ ಮೇಲೆ ಜಾರಿಗೆ ಹಾಕಿ, ಕಾಫಿ ಗಡ್ಡೆ, ಕೆನೆ ತೆಗೆಯದ ಹಾಲು, ಸಕ್ಕರೆ ಸೇರಿಸಿ, ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ ಅರೆಯಬೇಕು. ಕೊನೆಗೆ ಬಟ್ಟೆಯಲ್ಲಿ ಸೋಸಬೇಕು. ನಾನು ಸೋಸುತ್ತಿದ್ದದ್ದು ಅತ್ತೆಯ ಅಂಗಡಿಯ ಹಳೆಯ ಕಾಫಿ ಬಟ್ಟೆಯಲ್ಲೇ. ಬರುವಾಗ ತನ್ನ ಗಂಟಿನಲ್ಲಿ ಅವಳು ಅದನ್ನೂ ಅಂಗಡಿಯ ಒಂದು ಹಿತ್ತಾಳೆ ಲೋಟವನ್ನೂ ತಂದಿದ್ದಳು. ಮಿಕ್ಸಿಯಿಂದ ಬಟ್ಟೆಗೆ, ಬಟ್ಟೆಯಿಂದ ಲೋಟಕ್ಕೆ, ಆಮೇಲೆ ಜಿಡ್ಡು ಹಿಡಿದ ಅದೆಲ್ಲವನ್ನೂ ತೊಳೆಯುವುದು. ಶಾಲೆಗೆ ಹೋಗುವ ಮೊದಲೊಂದು ಸಲ, ಬಂದ ಮೇಲೊಂದು ಸಲ. ಕರೆಂಟು ಹೋದ ದಿನ ಗಡ್ಡೆಯೆಲ್ಲ ನೀರು.

ಮೊದಲ ದಿನ ಲೋಟವನ್ನು ನೋಡಿ ಅವಳು, "ಇದೇನ್ ಪುಳ್ಳೆ, ಗೋಡೆಗೆ ಬಳಿಯಾಕಾ?" ಎಂದಳು. ವಾಸನೆ ನೋಡಿ ಕಣ್ಣರಳಿಸಿದಳು. ಕಾಫಿ ಇತ್ತಲ್ಲ. ಲೋಟವನ್ನು ತೆಗೆದುಕೊಂಡು, ತಲೆಯನ್ನು ಹಿಂದಕ್ಕೆ ಚೆಲ್ಲಿ, ಹಣೆಗಿಂತ ಮೇಲಕ್ಕೆ ಎತ್ತಿ ಬಗ್ಗಿಸಿದಳು. ಏನೂ ಬೀಳಲಿಲ್ಲ. ಇನ್ನಷ್ಟು ಬಗ್ಗಿಸಿದಳು. ಒಂದು ಮುದ್ದೆ ಹಾಗೇ ಜಾರಿ ಮೂಗಿನ ಮೇಲೆ ಬಿತ್ತು. ಮಗಳು ನಕ್ಕಳು, ಅತ್ತೆಯೂ ನಕ್ಕಳು. ಆ ನಗುವಿನಲ್ಲಿ ಒಳಗೆ ಹೋದ ತುಣುಕೊಂದು ದಾರಿ ತಪ್ಪಿತು. ಅವಳು ಕೆಮ್ಮಿದ ಕೆಮ್ಮಿಗೆ ಪಕ್ಕದ ಮನೆಯವರು ಓಡಿ ಬಂದರು.

ಅವತ್ತಿನಿಂದ ಅದೇ ಗೋಳು. ಎತ್ತಿ ಕುಡಿಯುವಷ್ಟು ತೆಳುವಾದರೆ ಶ್ವಾಸಕ್ಕೆ ಹೋಗುತ್ತದೆ. ಮಂದವಾದರೆ ಬೀಳುವುದಿಲ್ಲ. ಅವಳು ಲೋಟವನ್ನು ತುಟಿಗೆ ಇಡುವುದಿಲ್ಲ. ಸ್ಟ್ರಾ ತಂದೆ, ಹೀರುವುದಕ್ಕೆ ತಾನೇನು ಕೂಸಾ ಎಂದಳು. ಚಮಚಕ್ಕೆ ಬಾಯಿ ತೆರೆಯಲಿಲ್ಲ. ಹೊತ್ತು ಹೊತ್ತಿಗೂ ಒಂದೇ ಹಟ. ಸೀರೆಯ ನೆರಿಗೆ ದಿನದಿಂದ ದಿನಕ್ಕೆ ಹೆಚ್ಚಾಗುತ್ತಿತ್ತು. ಮುಂದಿನ ಸಲ ತೂಕ ನೋಡಿದ ಮೇಲೆ ಟ್ಯೂಬಿನ ಮಾತು ತೀರ್ಮಾನ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಒಂದು ದಿನ ನನ್ನ ತಾಳ್ಮೆ ಮುಗಿಯಿತು. ಒಂದು ಹೊಸ ಸ್ಟೀಲ್ ಲೋಟ ತಂದು ಅವಳ ಮುಂದೆ ಇಟ್ಟೆ. ಇದು ನಿನಗೊಬ್ಬಳಿಗೇ ಅತ್ತೆ, ಬೇರೆ ಯಾರೂ ಮುಟ್ಟುವುದಿಲ್ಲ, ಧಾರಾಳವಾಗಿ ಬಾಯಿ ಇಟ್ಟು ಕುಡಿ ಎಂದೆ.

ಅವಳು ಆ ಲೋಟವನ್ನು ನೋಡಿದಳು. ದನಿ ಪೂರ್ತಿ ಹೋಗಿತ್ತು, ಬರೀ ಉಸಿರಿನಲ್ಲೇ ಮಾತಾಡಿದಳು.

"ನಂಗೇ ಅಂತ ಒಂದ್ ಲೋಟ ಬೇರೆ ಇಡ್ತೀಯಾ? ನಾ ಯಾರ್ಗೂ ಬೇರೆ ಲೋಟ ಇಟ್ಟಿಲ್ವಲ್ಲ."

ಲೋಟವನ್ನು ಕಪಾಟಿನೊಳಗೆ ಹಾಕಿದೆ.

ಅದಾದ ಕೆಲವು ದಿನಕ್ಕೆ ಪರೀಕ್ಷೆಯ ಕೆಲಸ ಬಂತು. ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಹೋದವಳು ಮಧ್ಯಾಹ್ನವೂ ಏನೂ ತಿಂದಿರಲಿಲ್ಲ. ಬಿಸಿಲು. ಬಸ್ಸಿನಲ್ಲಿ ನಿಂತೇ ಬಂದೆ. ಮನೆಗೆ ಬಂದು ಸೀರೆಯನ್ನೂ ಬದಲಾಯಿಸದೆ ಮಿಕ್ಸಿ ಹಾಕಿದೆ, ಸೋಸಿದೆ, ಹಿತ್ತಾಳೆ ಲೋಟಕ್ಕೆ ತುಂಬಿಕೊಂಡು ಅತ್ತೆಯ ಮಂಚದ ಅಂಚಿನಲ್ಲಿ ಕೂತೆ. ಅವಳು ಕುಡಿಯುವುದಿಲ್ಲ ಎಂದು ಗೊತ್ತು. ಕೇಳುವ ಶಕ್ತಿಯೂ ಇರಲಿಲ್ಲ. ಕೈಯಲ್ಲಿ ಲೋಟ ತಣ್ಣಗಿತ್ತು. ನಾನೇ ಬಾಯಿ ಇಟ್ಟು ಒಂದು ಗುಟುಕು ಕುಡಿದೆ. ಆಮೇಲೆ ಇನ್ನೊಂದು. ತುಟಿಯ ಮೇಲೆ ನೊರೆ ಮೆತ್ತಿಕೊಂಡಿತ್ತು. ಅತ್ತೆ ನೋಡುತ್ತಿದ್ದಳು.

"ಎಂಜಲ್ ಮಾಡ್ದೆ" ಎಂದಳು.

"ಬೇರೆ ಮಾಡ್ಕೊಡ್ತೀನಿ ಅತ್ತೆ. ಒಂದ್ ನಿಮಿಸ ಇರು. ಏಳಕ್ ಆಗ್ತಿಲ್ಲ."

ಅವಳು ಕೈ ಚಾಚಿದಳು. "ಕೊಡು."

"ನನ್ ಎಂಜಲ್ ಅತ್ತೆ."

"ನಿಂದ್ ತಾನೆ. ಕೊಡು."

ಲೋಟ ಕೊಟ್ಟೆ. ಅವಳು ಅದನ್ನು ಎತ್ತಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ನನ್ನ ನೊರೆ ಅಂಟಿದ್ದ ಅಂಚಿಗೇ ತುಟಿ ಇಟ್ಟಳು. ಲೋಟಕ್ಕೆ ಬಾಯಿ ಇಡುವುದು ಅವಳಿಗೆ ಬರುತ್ತಿರಲಿಲ್ಲ. ಹಲ್ಲು ತಾಗಿ ಸದ್ದಾಯಿತು. ನಿಧಾನವಾಗಿ ಒಂದು ಗುಟುಕು ಇಳಿಯಿತು. ನೀಲಿ ಗೆರೆಗಳ ನಡುವೆ ಹಸಿರು ಚುಕ್ಕಿಗಳು ಏರಿ ಇಳಿದವು. ಕೆಮ್ಮು ಬರಲಿಲ್ಲ. ಅರ್ಧ ಕುಡಿದು ಲೋಟವನ್ನು ನನಗೆ ತಿರುಗಿ ಕೊಟ್ಟಳು. ಉಳಿದದ್ದು ನಿನಗೆ ಎಂದು ಗದ್ದದಲ್ಲೇ ತೋರಿಸಿದಳು.

ನಮ್ಮಲ್ಲಿ ಮಕ್ಕಳ ಎಂಜಲನ್ನು ತಾಯಿ ತಿನ್ನುತ್ತಾಳೆ. ಬೇರೆಯವರು ತಿನ್ನುವುದಿಲ್ಲ.

ಆಮೇಲೆ ಅದೇ ಕಟ್ಟಳೆಯಾಯಿತು. ಲೋಟ ತಂದರೆ ನನ್ನ ಕಡೆಗೇ ತಳ್ಳುವಳು. "ನೀ ಮೊದ್ಲು." ನಾನು ಕುಡಿದ ಮೇಲೆಯೇ ಅವಳು ತುಟಿ ಇಡುವುದು. ಬರಿದೇ ತುಟಿ ತಾಗಿಸಿ ಮೋಸ ಮಾಡಿದರೆ ಕಂಡುಹಿಡಿಯುವಳು, ನನ್ನ ಗಂಟಲನ್ನೇ ನೋಡುತ್ತಿದ್ದಳಲ್ಲ. ಆ ತಿಂಗಳುಗಳಲ್ಲಿ ನಾನು ಬೆಳಗ್ಗೆ ಹೊಟ್ಟೆಗೆ ಏನಾದರೂ ಹಾಕಿಕೊಂಡು ಶಾಲೆಗೆ ಹೋದದ್ದು ಆ ಬಲವಂತದಿಂದಲೇ. ತೂಕ ಏರಲಿಲ್ಲ, ಇಳಿಯಲೂ ಇಲ್ಲ. ಡಾಕ್ಟರು ಮಾಪಕ ನೋಡಿ, ಸದ್ಯಕ್ಕೆ ಟ್ಯೂಬು ಬೇಡ ಎಂದರು. ಮನೆಗೆ ಬಂದ ಮೇಲೆ ಮಿಕ್ಸಿಯ ಸದ್ದು ಕೇಳಿ ಅತ್ತೆ ನನ್ನ ಮಗಳಿಗೆ ಹೇಳಿದಳಂತೆ, ಈ ನಾಯಿಗೂ ಹಾಕದ ಕಾಪಿ ಬಾಯಿಗೆ ಹತ್ತಿಬಿಟ್ಟಿತು ಎಂದು.

ಚಳಿಯ ಮಾರ್ಗಳಿ ತಿಂಗಳಲ್ಲಿ ಕಾಯಿಲೆ ತಿರುಗಿ ಬಂತು. ಇನ್ನು ಏನೂ ಮಾಡುವಂತಿಲ್ಲ ಎಂದರು. ಮಿಕ್ಸಿ ಮಾತ್ರ ನಿಲ್ಲಲಿಲ್ಲ. ಅರ್ಧ ಲೋಟ ಹೋಗಿ ಕಾಲು ಲೋಟವಾಯಿತು, ಕಾಲು ಹೋಗಿ ಎರಡು ಗುಟುಕಾಯಿತು. ಕೊನೆಯ ದಿನ ಬೆಳಗ್ಗೆ ನಾನು ಕುಡಿದು ಕೊಟ್ಟೆ. ಅವಳು ತುಟಿ ಇಟ್ಟಳು, ಬಗ್ಗಿಸಲಿಲ್ಲ. ನೊರೆ ತಾಗಿದ ತುಟಿಯಲ್ಲೇ ಲೋಟವನ್ನು ನನ್ನ ಕೈಗೆ ಕೊಟ್ಟು, "ನೀ ಕುಡಿ. ಇಸ್ಕೂಲ್‌ಗೆ ಹೊತ್ತಾಗ್ತದೆ" ಎಂದಳು. ಅವತ್ತು ನಾನು ಶಾಲೆಗೆ ಹೋಗಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳು ಹೋದಳು. ಮೂಗಿನಲ್ಲಿ ಏನೂ ಇರಲಿಲ್ಲ. ನಾನು ಕೊಟ್ಟ ಮಾತು ಅಷ್ಟರಮಟ್ಟಿಗೆ ಉಳಿಯಿತು.

ಕಾರ್ಯವನ್ನು ಗೂಡಲೂರಿನಲ್ಲಿ ಮಾಡಿದೆವು. ಎಡೆಯಲ್ಲಿ ಅವಳಿಗೆ ಇಷ್ಟವಾದದ್ದನ್ನೆಲ್ಲ ಇಟ್ಟರು. ಪಣಿಯಾರ, ಕರುವಾಡಿನ ಒಣಮೀನು, ವೀಳ್ಯ, ಹೊಗೆಯಾಡುವ ಕಾಫಿ. ನಾನು ಐಸಿನ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದಿದ್ದೆ. ಅಮ್ಮನ ಮಿಕ್ಸಿಯಲ್ಲಿ ಅರೆದು, ಸೋಸಿ, ಹಿತ್ತಾಳೆ ಲೋಟಕ್ಕೆ ತುಂಬಿ, ಪಟದ ಮುಂದೆ ನಿಂತು ಒಂದು ಗುಟುಕು ಕುಡಿದೆ. ಆಮೇಲೆ ಎಡೆಯ ಪಕ್ಕ ಇಟ್ಟೆ.

ಕೊಂಬೈಯಿಂದ ಬಂದಿದ್ದ ಚಿಕ್ಕಪ್ಪನೊಬ್ಬ ನೋಡಿಬಿಟ್ಟ. "ಸತ್ತೋರ್ಗೆ ಎಂಜಲ್ ಇಡ್ತಾರಾ? ಡಿಗ್ರಿ ಓದ್ದೋಳು ನೀನು" ಎಂದ. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಮಂಡಿ ಹಿಡಿದುಕೊಂಡು ಮೂಲೆಯಲ್ಲಿ ಕೂತಿದ್ದ ಅಮ್ಮ ಹೇಳಿದಳು:

"ಸುಮ್ನಿರಪ್ಪ. ಇವ್ಳು ಕುಡೀದೆ ಅತ್ಗೆ ಅದನ್ನ ಮುಟ್ಟಲ್ಲ."

ಯಾರೂ ಲೋಟವನ್ನು ತೆಗೆಯಲಿಲ್ಲ. ಕಾಗೆಗೆ ಅನ್ನ ಇಟ್ಟು, ಬಂದವರಿಗೆಲ್ಲ ಊಟ ಹಾಕಿ, ಎಲೆ ಎತ್ತುವ ಹೊತ್ತಿಗೆ ಬಿಸಿ ಕಾಫಿ ಆರಿತ್ತು. ಅದನ್ನು ಅವಳಿದ್ದರೆ ಏನು ಮಾಡುತ್ತಿದ್ದಳೋ ಹಾಗೇ ಹಿತ್ತಲಿಗೆ ಚೆಲ್ಲಿದೆ. ಹಿತ್ತಾಳೆ ಲೋಟದಲ್ಲಿದ್ದದ್ದು ಕರಗಿ ತೆಳುವಾಗಿತ್ತು, ದಾರದ ಹಾಗೆ ಇಳಿಯುವಷ್ಟು. ತಲೆಯನ್ನು ಹಿಂದಕ್ಕೆ ಚೆಲ್ಲಿ, ಹಣೆಗಿಂತ ಮೇಲಕ್ಕೆ ಎತ್ತಿ ಕುಡಿದೆ. ಅರ್ಧ ಬಾಯಿಗೆ ಬಿತ್ತು, ಅರ್ಧ ಕತ್ತಿನ ಮೇಲೆ ಹರಿದು ರವಿಕೆ ನೆನೆಯಿತು. ಲೋಟವನ್ನು ಕೊಡವಿ, ತೊಳೆಯಲು ಕೂತೆ.